ಕನ್ನಡ ಮಾಧ್ಯಮದಲ್ಲಿ ಓದಿದವರು ಮೊಬೈಲಿನಲ್ಲೇ ಪ್ರೋಗ್ರಾಮಿಂಗ್ ಆರಂಭಿಸಬಹುದೇ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಎ. ಮುಗಿಸಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಇದೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರೋಗ್ರಾಮಿಂಗ್ ಕಲಿಯಲು ಎಲ್ಲಿಂದ ಆರಂಭಿಸಲಿ? ಕೋಚಿಂಗ್‌ಗೆ ಹಣ ಕಟ್ಟಲೇಬೇಕೇ?

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೂರು ತಿಂಗಳು ದಿನಕ್ಕೊಂದು ಗಂಟೆ ಕೂತು ನೋಡಿ. ಈ ಕೆಲಸ ನಿಮಗೆ ಹಿಡಿಸುತ್ತದೆಯೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಶುಲ್ಕದ ಮಾತು ಆಮೇಲೆ.

ಇಂಗ್ಲಿಷಿನ ಭಯವನ್ನು ಮೊದಲು ಬಿಡಿಸುತ್ತೇನೆ, ಏಕೆಂದರೆ ಹೆಚ್ಚಿನವರು ಹಿಂದೆ ಸರಿಯುವುದು ಅಲ್ಲಿಯೇ. ಹೊಸಬರಿಗೆ ನಾನು ಹೇಳುವುದು ಪೈಥಾನ್ ಭಾಷೆಯನ್ನು. ಅದರಲ್ಲಿ ಮೀಸಲು ಪದಗಳು, ಅಂದರೆ ಭಾಷೆ ತನಗೆಂದೇ ಕಾದಿರಿಸಿಕೊಂಡ ಇಂಗ್ಲಿಷ್ ಪದಗಳು, ಇರುವುದು 35. ಪ್ರಿಂಟ್‌ನಂಥ ಕೆಲವು ಸಿದ್ಧ ಹೆಸರುಗಳನ್ನು ಬಿಟ್ಟರೆ ಉಳಿದ ಹೆಸರುಗಳನ್ನು ಇಡುವವರು ನಾವು, ಅವನ್ನು ಕನ್ನಡದಲ್ಲೇ ಇಡಬಹುದು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಹೀಗಿರುತ್ತದೆ:

ಹಾಲು = 4.5
ಬೆಲೆ = 35
ಮೊತ್ತ = ಹಾಲು * ಬೆಲೆ

ನಾಲ್ಕನೆಯ ಸಾಲಿನಲ್ಲಿ ಪ್ರಿಂಟ್ ಎಂಬ ಪದವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ (print) ಬರೆದು, ಪಕ್ಕದ ಆವರಣದೊಳಗೆ ಮೊತ್ತ ಎಂದು ಸೇರಿಸಿ. ಪರದೆಯ ಮೇಲೆ 157.5 ಎಂದು ಬರುತ್ತದೆ. ಇದು ಪೂರ್ತಿ ಕೆಲಸ ಮಾಡುವ ಪ್ರೋಗ್ರಾಂ.

ಈಗ ಬೇಕೆಂದೇ ಒಂದು ತಪ್ಪು ಮಾಡಿ. ಮೂರನೆಯ ಸಾಲಿನಲ್ಲಿ ಬೆಲೆಯ ಬದಲು ಬೆಳೆ ಎಂದು ಬರೆದು ಓಡಿಸಿ. ಕಂಪ್ಯೂಟರ್ ಅಲ್ಲೇ ನಿಂತು ಇಂಗ್ಲಿಷಿನಲ್ಲಿ ತಕರಾರು ಹೇಳುತ್ತದೆ: ತಪ್ಪಿರುವುದು ಮೂರನೆಯ ಸಾಲಿನಲ್ಲಿ, ಬೆಳೆ ಎಂಬ ಹೆಸರು ಎಲ್ಲೂ ಕೊಟ್ಟಿಲ್ಲ ಎಂದು. ಕೆಂಪು ಅಕ್ಷರಗಳನ್ನು ಕಂಡು ಗಾಬರಿಯಾಗಿ ಮುಚ್ಚಿಬಿಡುವವರು ಕಲಿಯುವುದಿಲ್ಲ. ಸಾಲಿನ ಸಂಖ್ಯೆ ನೋಡಿ ಅಲ್ಲಿಗೆ ಹೋಗುವವರು ಕಲಿಯುತ್ತಾರೆ. ಇದಕ್ಕೆ ಬೇಕಾದ ಇಂಗ್ಲಿಷ್ ಹತ್ತಿಪ್ಪತ್ತು ವಾಕ್ಯಗಳಷ್ಟು. ಮತ್ತೆ ಮತ್ತೆ ಅವೇ ಬರುವುದರಿಂದ ತಿಂಗಳೊಳಗೆ ಮುಖಪರಿಚಯವಾಗುತ್ತದೆ.

ಇದನ್ನೆಲ್ಲ ಎಲ್ಲಿ ಬರೆಯುವುದು? ಮೊಬೈಲಿನ ಬ್ರೌಸರ್‌ನಲ್ಲಿ ಗೂಗಲ್ ಕೋಲ್ಯಾಬ್ ಎಂಬ ತಾಣ ತೆರೆದರೆ ಲೆಕ್ಕವೆಲ್ಲ ಗೂಗಲ್‌ನ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನಿಮ್ಮ ಫೋನ್ ಹಳೆಯದಾದರೂ ತೊಂದರೆಯಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಾದರೆ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಪೈಥಾನ್ ಓಡಿಸುತ್ತದೆ. ಆದರೆ ಮೊಬೈಲಿಗೂ ಒಂದು ಮಿತಿಯಿದೆ. ಪೈಥಾನ್‌ನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ. ಷರತ್ತುಗಳ ಪಾಠಕ್ಕೆ ಬಂದಾಗ ಹೆಬ್ಬೆರಳಿನಲ್ಲಿ ಟೈಪ್ ಮಾಡುವುದು ಹಿಂಸೆಯಾಗುತ್ತದೆ. ಆಗ ಸಾಮಾನ್ಯ ಕೀಬೋರ್ಡೊಂದನ್ನು ಓಟಿಜಿ ತಂತಿಯಿಂದ ಫೋನಿಗೆ ಜೋಡಿಸಿಕೊಳ್ಳಿ, ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದು ನಡೆಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ವಿಚಾರಿಸಿ. ಅರಿವು ಕೇಂದ್ರವೆಂದು ಹೆಸರು ಬದಲಾದ ಈ ಗ್ರಂಥಾಲಯಗಳಲ್ಲಿ ಹಲವೆಡೆ ಕಂಪ್ಯೂಟರ್ ಇದೆ. ಬಳಸುವವರಿಲ್ಲದೆ ಅದು ಧೂಳು ಹಿಡಿದು ಕೂತಿದ್ದರೆ ಮೊದಲ ಬಳಕೆದಾರರು ನೀವೇ ಆಗಿ.

ಕಂಪ್ಯೂಟರ್ ಮುಂದೆ ಕೂತ ಮೇಲೆ ಫೈಲ್ ಎಂದರೇನು, ಫೋಲ್ಡರ್ ಎಂದರೇನು, ಉಳಿಸಿದ್ದು ಎಲ್ಲಿ ಹೋಯಿತು ಎಂಬುದೂ ಗೊತ್ತಿರಬೇಕು. ಮೊಬೈಲ್ ಇದನ್ನೆಲ್ಲ ಮರೆಮಾಡುತ್ತದೆ. ಇದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಸಿಗುತ್ತವೆ. ಉಚಿತವಾಗಿವೆ, ಲಿನಕ್ಸ್ (ಕಂಪ್ಯೂಟರನ್ನು ನಡೆಸುವ ತಂತ್ರಾಂಶ), ಲಿಬ್ರೆ ಆಫೀಸ್ (ಕಚೇರಿ ಕೆಲಸದ ತಂತ್ರಾಂಶ), ಪ್ರೋಗ್ರಾಮಿಂಗ್‌ನ ಸಿ ಭಾಷೆ ಮುಂತಾದ ಅನೇಕ ಪಾಠಗಳಿಗೆ ಕನ್ನಡದ ಧ್ವನಿಯಿದೆ. ಒಂದೊಂದು ಪಾಠ ಸುಮಾರು ಹತ್ತು ನಿಮಿಷ. ಸುಮ್ಮನೆ ನೋಡುತ್ತಾ ಕೂತರೆ ಪ್ರಯೋಜನವಿಲ್ಲ. ಅರ್ಧ ನಿಮಿಷ ನೋಡಿ, ನಿಲ್ಲಿಸಿ, ಅದನ್ನೇ ನೀವು ಮಾಡಿ, ಮುಂದಕ್ಕೆ ಹೋಗಿ.

ಪ್ರಮಾಣಪತ್ರವೇ ಬೇಕಿದ್ದರೆ ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆಯ ಸಿಸಿಸಿ ಎಂಬ 80 ಗಂಟೆಗಳ ಕೋರ್ಸ್ ಇದೆ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ತರಬೇತಿ ಕೇಂದ್ರಗಳಿವೆ. ಇವು ಕಚೇರಿ ಕೆಲಸಕ್ಕೆ ಬೇಕಾಗುವ ಮೂಲ ಕೌಶಲಗಳಿಗೆ ಹೊಂದುತ್ತವೆ. ಪ್ರೋಗ್ರಾಮಿಂಗ್‌ಗೆ ಇವನ್ನೇ ನೆಚ್ಚಿಕೊಳ್ಳಬೇಡಿ.

ಮೂರು ತಿಂಗಳ ಹೊತ್ತಿಗೆ ಹಾಲಿನ ಲೆಕ್ಕವನ್ನು ಬೆಳೆಸಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಕಿದ್ದು, ಫ್ಯಾಟ್ ನೋಡಿ ಬದಲಾಗುವ ದರ, ಹದಿನೈದು ದಿನದ ಬಟವಾಡೆ ಎಲ್ಲವೂ ಅದರಲ್ಲಿ ಬರಲಿ. ಪ್ರೋಗ್ರಾಂ ಓಡುವಾಗ ಅದು ಕೇಳುವ ಅಂಕಿಗಳನ್ನು ಅಮ್ಮನ ಕೈಯಲ್ಲೇ ತುಂಬಿಸಿ. ಅವರು 45 ಎನ್ನುವ ಬದಲು ೪೫ ಎಂದು ಕನ್ನಡ ಅಂಕಿಯಲ್ಲಿ ಹೊಡೆದರೂ ಪೈಥಾನ್‌ನ ಇಂಟ್ (int) ಎಂಬ ಆಜ್ಞೆ ಅದನ್ನು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ನನಗಂತೂ ಇದು ಈಗಲೂ ಸಂತೋಷ ಕೊಡುವ ಸಂಗತಿ. ನಿಮ್ಮ ಮೊತ್ತ ಡೇರಿಯ ಚೀಟಿಯ ಮೊತ್ತಕ್ಕೆ ಪೈಸೆ ಪೈಸೆ ತಾಳೆಯಾದ ದಿನ, ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಪ್ರಾಧ್ಯಾಪಕ ಮಾಧವನ್ ಮುಕುಂದ್ ಅವರ ಎಂಟು ವಾರಗಳ ಪೈಥಾನ್ ಕೋರ್ಸ್‌ಗೆ ಹೆಸರು ನೋಂದಾಯಿಸಿ. ಪಾಠಗಳಿಗೆ ಹಣವಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ.