ಕೈಕೊಟ್ಟ ಎನ್‌ಎಎಸ್‌ನಿಂದ ಡೇಟಾ ಹೊರತೆಗೆಯುವುದು: ಮೊದಲು ನಕಲು, ಆಮೇಲೆ ಜೋಡಣೆ

ಮನೆಯವರೆಲ್ಲರ ಫೋಟೊ, ದಾಖಲೆಗಳನ್ನು ಹೊತ್ತುಕೊಂಡಿದ್ದ ಎನ್‌ಎಎಸ್ ಪೆಟ್ಟಿಗೆ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಡಿಸ್ಕ್‌ಗಳ ಸಂಗ್ರಹ) ಒಂದು ದಿನ ಆನ್ ಆಗದಿದ್ದರೆ ಡೇಟಾ ಹೋಯಿತೆಂದು ತೀರ್ಮಾನಿಸಬಾರದು. ಪವರ್ ಅಡಾಪ್ಟರ್, ಮದರ್‌ಬೋರ್ಡ್, ಒಳಗಿನ ಫರ್ಮ್‌ವೇರ್, ಇವುಗಳಲ್ಲಿ ಯಾವುದು ಕೆಟ್ಟರೂ ಪೆಟ್ಟಿಗೆ ನಿಂತುಹೋಗುತ್ತದೆ. ಆದರೆ ಡಿಸ್ಕ್‌ಗಳು ಅನೇಕ ವೇಳೆ ಸುಸ್ಥಿತಿಯಲ್ಲಿಯೇ ಇರುತ್ತವೆ. ಇಂಥ ಸಂದರ್ಭದಲ್ಲಿ ನಾನು ಅತ್ಯಂತ ಹೆಚ್ಚು ಹೆದರುವುದು ಉಪಕರಣ ಕೆಟ್ಟ ಕ್ಷಣಕ್ಕಲ್ಲ, ಅದಾದ ಮೊದಲ ಕೆಲವು ಗಂಟೆಗಳಲ್ಲಿ ಗಾಬರಿಯಿಂದ ಮಾಡುವ 'ದುರಸ್ತಿ'ಗೆ. ಮೂಲ ಡಿಸ್ಕ್ ಮೇಲೆ ಒಂದು ಬೈಟ್ ಕೂಡ ಹೊಸದಾಗಿ ಬರೆಯದಿರುವುದೇ ಈ ಕೆಲಸದ ಅರ್ಧ ಭಾಗ.

ಡಿಸ್ಕ್‌ಗಳನ್ನು ಹೊರತೆಗೆಯುವ ಮೊದಲು ಯಾವುದು ಎಷ್ಟನೆಯ ಸ್ಲಾಟ್‌ನಲ್ಲಿತ್ತು ಎಂಬುದನ್ನು ಅದರ ಸೀರಿಯಲ್ ಸಂಖ್ಯೆಯ ಜೊತೆಗೆ ಬರೆದಿಟ್ಟುಕೊಳ್ಳಿ. ಮನೆಬಳಕೆಯ ಬಹುತೇಕ ಎನ್‌ಎಎಸ್‌ಗಳ ಒಳಗೆ ಲಿನಕ್ಸ್ ಇರುತ್ತದೆ: ತಳದಲ್ಲಿ ಹಲವು ಡಿಸ್ಕ್‌ಗಳನ್ನು ಒಂದಾಗಿ ಬೆಸೆಯುವ ಲಿನಕ್ಸ್‌ನ 'ಎಂಡಿ' ರೇಡ್, ಅದರ ಮೇಲೆ ಕೆಲವೊಮ್ಮೆ ಜಾಗವನ್ನು ಹಂಚುವ ಎಲ್‌ವಿಎಂ ಪದರ, ಅದರ ಮೇಲೆ ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆ. ಆದ್ದರಿಂದ ಅದೇ ಕಂಪನಿಯ ಪೆಟ್ಟಿಗೆಯೇ ಬೇಕೆಂದಿಲ್ಲ, ಸಾಮಾನ್ಯ ಲಿನಕ್ಸ್ ಕಂಪ್ಯೂಟರ್ ಸಾಕಾಗುತ್ತದೆ. ಇದೇ ಡಿಸ್ಕನ್ನು ವಿಂಡೋಸ್‌ಗೆ ಜೋಡಿಸಿದರೆ ಅದಕ್ಕೆ ಈ ಪದರಗಳು ಅರ್ಥವಾಗುವುದಿಲ್ಲ. ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಬಹುದು. ಅಲ್ಲಿ ಒಪ್ಪಿಗೆ ಒತ್ತಿದರೆ ಕೆಲಸ ಹತ್ತು ಪಟ್ಟು ಕಠಿಣವಾಗುತ್ತದೆ.

ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ) ಹೇಗೆ ಕಳೆದ ಡಿಸ್ಕನ್ನು ಮರಳಿ ಕಟ್ಟುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳ ಕಾರಣವೂ ತಿಳಿಯುತ್ತದೆ. ಮೂರು ಡಿಸ್ಕ್‌ಗಳಿವೆ ಎಂದುಕೊಳ್ಳಿ. ಮೂರೂ ಡಿಸ್ಕ್‌ಗಳಿಗೆ ಹರಡಿದ ಒಂದು ಪಟ್ಟಿಯಲ್ಲಿ (ಸ್ಟ್ರೈಪ್) ಮೊದಲನೆಯದರಲ್ಲಿ 1011, ಎರಡನೆಯದರಲ್ಲಿ 0110 ಇದ್ದರೆ, ಮೂರನೆಯದರಲ್ಲಿ ಅವೆರಡರ ಎಕ್ಸಾರ್ (ಅಂಕೆಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0) ಆದ 1101 ಪ್ಯಾರಿಟಿಯಾಗಿ, ಅಂದರೆ ಮರಳಿ ಕಟ್ಟಲು ನೆರವಾಗುವ ಅಂಕಿಯಾಗಿ, ಕೂರುತ್ತದೆ. ಎರಡನೆಯ ಡಿಸ್ಕ್ ಹೋದರೆ 1011 ಮತ್ತು 1101ರ ಎಕ್ಸಾರ್ ಮಾಡಿದಾಗ 0110 ಮತ್ತೆ ಸಿಗುತ್ತದೆ. ಈ ಲೆಕ್ಕ ಸರಿಬರಬೇಕಾದರೆ ಉಳಿದ ಎರಡೂ ಡಿಸ್ಕ್‌ಗಳು ಒಂದೇ ಕಾಲದ ಸ್ಥಿತಿಯಲ್ಲಿರಬೇಕು. ಒಂದು ಡಿಸ್ಕ್ ತಿಂಗಳ ಹಿಂದೆಯೇ ಗುಂಪಿನಿಂದ ಹೊರಬಿದ್ದು, ಯಾರೂ ಗಮನಿಸದೆ ಉಳಿದಿದ್ದರೆ, ಅದನ್ನು ಸೇರಿಸಿ ಮಾಡಿದ ಲೆಕ್ಕದಿಂದ ಕಸವೇ ಬರುತ್ತದೆ.

ನಕಲು ತೆಗೆಯುವ ಮೊದಲು ಪ್ರತಿ ಡಿಸ್ಕ್‌ನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) ನೋಡಬೇಕು. 5ನೆಯ ಗುಣಲಕ್ಷಣವು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ತುಣುಕುಗಳ) ಸಂಖ್ಯೆಯನ್ನೂ, 197ನೆಯದು ಓದಲಾಗದೆ ಬಾಕಿ ಉಳಿದವುಗಳ ಸಂಖ್ಯೆಯನ್ನೂ ಹೇಳುತ್ತದೆ. ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಓದುವ ಹೆಡ್ ಹಾಳಾಗಿರುವ ಸಂಭವವಿದ್ದು, ಪ್ರತಿ ಹೆಚ್ಚುವರಿ ನಿಮಿಷವೂ ಫಲಕವನ್ನು ಗೀರಬಹುದು; ಅದು ಧೂಳಿಲ್ಲದ ಪ್ರಯೋಗಾಲಯವುಳ್ಳ ತಜ್ಞರ ಕೆಲಸ. ಸದ್ದಿಲ್ಲದೆ ಓದುವ ಡಿಸ್ಕ್‌ಗೆ ಗ್ನೂ ಯೋಜನೆಯ ನಕಲು ತಂತ್ರಾಂಶ ಡಿಡಿರೆಸ್ಕ್ಯೂ ಸೂಕ್ತ. ಸಾಮಾನ್ಯ ನಕಲು ಕೆಟ್ಟ ಸೆಕ್ಟರ್ ಬಂದಲ್ಲಿ ತಡಬಡಾಯಿಸಿ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಅದನ್ನು ದಾಟಿ, ಸುಲಭವಾಗಿ ಓದುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿ ಓದಿತು, ಎಲ್ಲಿ ಸೋತಿತು ಎಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆಯುತ್ತಾ ಹೋಗುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು. ಆ ಕಡತವನ್ನು ಕೊಡಲು ಮರೆತರೆ ಈ ಅನುಕೂಲವೆಲ್ಲ ಇಲ್ಲವಾಗುತ್ತದೆ.

ಪ್ರತಿಗಳು ಸಿದ್ಧವಾದ ಮೇಲೆ ಅವುಗಳನ್ನು ಓದಲು-ಮಾತ್ರ ಲೂಪ್ ಸಾಧನಗಳಾಗಿ (ಕಡತವನ್ನೇ ಡಿಸ್ಕ್‌ನಂತೆ ಕಾಣಿಸುವ ವಿಧಾನ) ತೆರೆದು, ಬರಹಗಳೆಲ್ಲ ಬೇರೆ ತಾತ್ಕಾಲಿಕ ಕಡತಕ್ಕೆ ಹೋಗುವಂತೆ ಮೇಲೊಂದು ಓವರ್‌ಲೇ ಹಾಕಿಕೊಂಡರೆ, ತಪ್ಪು ಪ್ರಯೋಗವನ್ನು ಅಳಿಸಿ ಮತ್ತೆ ಆರಂಭಿಸಬಹುದು. ಈಗ ಲಿನಕ್ಸ್‌ನ ರೇಡ್ ನಿರ್ವಹಿಸುವ ಎಂಡಿಅಡ್ಮ್ ಸಾಧನದ 'ಎಕ್ಸಾಮಿನ್' ಆಯ್ಕೆಯಿಂದ ಪ್ರತಿ ಡಿಸ್ಕ್‌ನ ಸೂಪರ್‌ಬ್ಲಾಕ್ (ರೇಡ್ ವಿವರಗಳ ದಾಖಲೆ) ಓದಬೇಕು. ಅದರಲ್ಲಿ ರೇಡ್ ಮಟ್ಟ, ಚಂಕ್ ಗಾತ್ರ (ಪ್ರತಿ ಡಿಸ್ಕ್‌ಗೆ ಒಮ್ಮೆಗೆ ಹೋಗುವ ತುಣುಕಿನ ಅಳತೆ), ಸ್ಥಾನ ಮತ್ತು ಈವೆಂಟ್ ಎಣಿಕೆ (ಗುಂಪಿನಲ್ಲಿ ಬದಲಾವಣೆಗಳಾದಂತೆ ಏರುವ ಸಂಖ್ಯೆ) ಇರುತ್ತವೆ. ಉದಾಹರಣೆಗೆ ಮೂರು ಡಿಸ್ಕ್‌ಗಳ ಎಣಿಕೆ 48210, 48207 ಮತ್ತು 31954 ಎಂದು ಕಂಡರೆ ಮೊದಲೆರಡು ಬಹುತೇಕ ಒಟ್ಟಿಗೆ ನಿಂತಿವೆ, ಮೂರನೆಯದು ಬಹಳ ಹಿಂದೆಯೇ ಹೊರಬಿದ್ದಿದೆ. ಮೂರನೆಯದನ್ನು ಬದಿಗಿಟ್ಟು, ಮೊದಲೆರಡನ್ನು 'ಅಸೆಂಬಲ್' ಮತ್ತು 'ಫೋರ್ಸ್' ಆಯ್ಕೆಗಳಿಂದ ಜೋಡಿಸುವುದು ಸರಿಯಾದ ದಾರಿ. 'ಕ್ರಿಯೇಟ್' ಆಯ್ಕೆಯನ್ನು ಕೊನೆಯ ಉಪಾಯವಾಗಿಯೇ ಇಡಬೇಕು: ಅದು ಹಳೆಯ ಸೂಪರ್‌ಬ್ಲಾಕ್ ಅಳಿಸಿ ಹೊಸದನ್ನು ಬರೆಯುತ್ತದೆ, ಮತ್ತು ಡಿಸ್ಕ್‌ಗಳ ಕ್ರಮ, ಚಂಕ್ ಗಾತ್ರ, ಡೇಟಾ ಶುರುವಾಗುವ ಜಾಗ, ಇವುಗಳಲ್ಲಿ ಒಂದು ತಪ್ಪಿದರೂ ಕಡತವ್ಯವಸ್ಥೆ ಗುರುತೇ ಸಿಗದಂತಾಗುತ್ತದೆ.

ಜೋಡಣೆಯಾದ ಮೇಲೆ ಎಕ್ಸ್‌ಟಿ4 ಆಗಿದ್ದರೆ ಓದಲು-ಮಾತ್ರ ಎಂಬುದರ ಜೊತೆಗೆ 'ನೋಲೋಡ್' ಆಯ್ಕೆಯನ್ನೂ ಕೊಟ್ಟು ಮೌಂಟ್ ಮಾಡಿ (ಕಡತಗಳು ಕಾಣುವಂತೆ ತೆರೆಯಿರಿ). ಇಲ್ಲದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಜರ್ನಲನ್ನು, ಅಂದರೆ ಬಾಕಿ ಬದಲಾವಣೆಗಳ ದಾಖಲೆಯನ್ನು, ಚಲಾಯಿಸಲು ಹೋಗಿ ಸಾಧನಕ್ಕೆ ಬರೆಯಬಹುದು. ಎಫ್‌ಎಸ್‌ಸಿಕೆ ಎಂಬ ತಪಾಸಣೆ ತಂತ್ರಾಂಶ ಓಡಿಸುವ ಆತುರ ಬೇಡ, ಅದು ಕಡತವ್ಯವಸ್ಥೆಯ ಒಳ ಸಂಗತಿಯನ್ನು ಸರಿಪಡಿಸುತ್ತದೆಯೇ ಹೊರತು ನಿಮ್ಮ ಕಡತಗಳನ್ನು ಉಳಿಸಿಕೊಡುವುದು ಅದರ ಗುರಿಯಲ್ಲ. ಮೌಂಟ್ ಆಗದಿದ್ದರೆ ಫೋಟೊರೆಕ್ ಎಂಬ ತಂತ್ರಾಂಶ ಕಡತಗಳ ತಲೆಭಾಗದ ಗುರುತು ನೋಡಿ ಹೆಕ್ಕುತ್ತದೆ. ಆದರೆ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ವಾಲ್ಯೂಮ್ ಗೂಢಲಿಪೀಕರಣಗೊಂಡಿದ್ದರೆ ಕೀಲಿ ಇಲ್ಲದೆ ಯಾವ ಉಪಾಯವೂ ನಡೆಯದು.

ಕಡತಗಳು ಕಂಡವೆಂದು ನಿಟ್ಟುಸಿರು ಬಿಡುವ ಮೊದಲು ಇನ್ನೊಂದು ಪರೀಕ್ಷೆ ಬಾಕಿಯಿದೆ. ಹೆಸರು, ಗಾತ್ರ ಸರಿಯಿದ್ದರೂ ಓದಲಾಗದ ಸೆಕ್ಟರ್ ಇದ್ದ ಜಾಗದಲ್ಲಿ ಚಿತ್ರದ ಕೆಳಭಾಗ ಬೂದು ಬಣ್ಣವಾಗಿರಬಹುದು. ಡಿಡಿರೆಸ್ಕ್ಯೂನ 'ಫಿಲ್' ವಿಧಾನದಲ್ಲಿ, ಮ್ಯಾಪ್ ಕಡತ ತೋರಿಸುವ ಸೋತ ಜಾಗಗಳನ್ನೆಲ್ಲ ಪ್ರತಿಯಲ್ಲಿ ವಿಶಿಷ್ಟವಾದ ಒಂದು ಪದದಿಂದ ತುಂಬಿ, ಆಮೇಲೆ ಎಲ್ಲ ಕಡತಗಳಲ್ಲಿ ಆ ಪದವನ್ನು ಹುಡುಕಿದರೆ ಯಾವ ಕಡತಗಳು ಹಾನಿಗೊಂಡಿವೆ ಎಂಬ ಪಟ್ಟಿ ಸಿಗುತ್ತದೆ. ಒಂದೇ ಡಿಸ್ಕ್‌ನ ಅಥವಾ ರೇಡ್ 1ರ (ಎಲ್ಲ ಡಿಸ್ಕ್‌ಗಳಲ್ಲೂ ಒಂದೇ ಡೇಟಾ ಇರುವ ಜೋಡಣೆಯ) ಪ್ರತಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಒಂದು ಡಿಸ್ಕ್ ಇಲ್ಲದ ರೇಡ್ 5ರಲ್ಲಿ ಎಕ್ಸಾರ್ ಲೆಕ್ಕದ ಮೂಲಕ ಮರಳಿ ಬಂದ ಭಾಗಗಳಲ್ಲಿ ಆ ಪದ ಕದಡಿಹೋಗುವುದರಿಂದ, ಅಲ್ಲಿ ಮುಖ್ಯವಾದ ಕಡತಗಳನ್ನು ಒಂದೊಂದಾಗಿ ತೆರೆದೇ ನೋಡಬೇಕು.