ಕಂಪ್ಯೂಟರಿನೊಳಗಿನ ಬಜ್ಪೆ

ಬರಲಿರುವ ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ) ಆಟವೊಂದರ ಮುನ್ನೋಟದ ಚಿತ್ರಗಳು ಹೊರಬಿದ್ದ ಸಂಜೆ, ಮಂಗಳೂರಿನ ಹಂಪನಕಟ್ಟೆಯ ಹೋಟೆಲಿನಲ್ಲಿ ನಮ್ಮ ಗೆಳೆಯರ ಗುಂಪಿಗೆ ಬೇರೆ ಮಾತೇ ಇರಲಿಲ್ಲ. ಗೋಳಿಬಜೆ ತಣ್ಣಗಾಗುತ್ತಿತ್ತು, ಎಲ್ಲರ ಕಣ್ಣು ಮೊಬೈಲಿನ ಮೇಲೆ. ಹಿಮದ ಬೆಟ್ಟ, ರೆಕ್ಕೆಯ ಮೇಲೆ ಹೊಂಬಿಸಿಲು, ಕಾಕ್‌ಪಿಟ್ಟಿನ ಗಾಜಿನಲ್ಲಿ ಸಣ್ಣ ಗೀರುಗಳು. ಒಬ್ಬ ಗೀರನ್ನು ಹೊಗಳಿದ, ಇನ್ನೊಬ್ಬ ಮೋಡವನ್ನು. ಮೂರನೆಯವನು ಕೇಳಿದ: "ಅದೆಲ್ಲ ಸರಿ ಮಾರಾಯ, ಇದರಲ್ಲಿ ನಮ್ಮ ಬಜ್ಪೆ ಹೇಗಿರುತ್ತದೆ?"

ಇಂಥ ಚಿತ್ರಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲವೆಂದು ನನ್ನ ಎಣಿಕೆ. ಕಾಣದ ಊರಿನ ಹಿಮಬೆಟ್ಟ ಯಾರನ್ನಾದರೂ ಮರುಳು ಮಾಡುತ್ತದೆ. ನಮ್ಮ ಬಜ್ಪೆ ವಿಮಾನ ನಿಲ್ದಾಣವಿರುವ ಕೆಂಜಾರಿನ ಗುಡ್ಡದ ವಿಷಯದಲ್ಲಿ ನಮ್ಮನ್ನು ಮರುಳು ಮಾಡುವುದು ಕಷ್ಟ.

ಬಜ್ಪೆಯದು ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿದ ಟೇಬಲ್‌ಟಾಪ್ ರನ್‌ವೇ. 1951ರಲ್ಲಿ ನಿಲ್ದಾಣ ಆರಂಭವಾದಾಗಿನ ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು. 2006ರಲ್ಲಿ ಬಳಕೆಗೆ ಬಂದ ಎರಡನೆಯದು 2,450 ಮೀಟರ್. ಅದು ಮುಗಿದಲ್ಲಿಗೆ ಗುಡ್ಡವೂ ಮುಗಿಯುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಆ ಅಂಚನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಹಾಗಾಗಿ ಅಂಚು ಎಷ್ಟು ಕಡಿದಾಗಿದೆ ಎಂಬುದು ಈ ಊರಿನವರಿಗೆ ಬರೀ ಗ್ರಾಫಿಕ್ಸಿನ ಮಾತಲ್ಲ.

ಆ ಅಂಚು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅನೇಕ ಸಿಮ್ಯುಲೇಟರುಗಳ ನೆಲಕ್ಕೆ ಬುನಾದಿ 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ ಹನ್ನೊಂದು ದಿನ ಹಾರಿ ನಡೆಸಿದ ರೇಡಾರ್ ಅಳತೆ. ನೌಕೆಯಲ್ಲಿ ಒಂದು ಆಂಟೆನಾ, ಹೊರಚಾಚಿದ 60 ಮೀಟರ್ ಕಂಬದ ತುದಿಯಲ್ಲಿ ಇನ್ನೊಂದು. ನಮ್ಮ ಎರಡು ಕಣ್ಣುಗಳು ಆಳವನ್ನು ಗ್ರಹಿಸುವಂತೆ, ಎರಡು ಆಂಟೆನಾಗಳಿಗೆ ತಲುಪಿದ ಅಲೆಗಳ ಸೂಕ್ಷ್ಮ ವ್ಯತ್ಯಾಸದಿಂದ ನೆಲದ ಎತ್ತರ ಸಿಕ್ಕಿತು. ಆದರೆ ನಮ್ಮ ದೇಶದ ಮಟ್ಟಿಗೆ ಬಹುಕಾಲ ಸಾರ್ವಜನಿಕರಿಗೆ ದೊರೆತದ್ದು ಸುಮಾರು 90 ಮೀಟರಿಗೊಂದರಂತೆ ಎತ್ತರ ಅಳೆದ ಬಿಂದು. 30 ಮೀಟರಿಗೊಂದು ಸಿಕ್ಕಿದ್ದು ಆಮೇಲೆ. ಎರಡು ಬಿಂದುಗಳ ನಡುವೆ ಏನಿದೆಯೆಂದು ಕಂಪ್ಯೂಟರ್ ಕೇಳುವುದಿಲ್ಲ, ಗೆರೆ ಎಳೆದುಬಿಡುತ್ತದೆ. 20 ಮೀಟರ್ ಅಂತರದಲ್ಲಿ 40 ಮೀಟರ್ ಇಳಿಯುವ ಕಡಿದಾದ ಜಾಗವಿದೆ ಎನ್ನೋಣ. ಅದರ ಇಳಿಜಾರು ಸುಮಾರು 63 ಡಿಗ್ರಿ. ಅದೇ ಇಳಿತವನ್ನು 90 ಮೀಟರಿಗೆ ಹಂಚಿದರೆ 24 ಡಿಗ್ರಿ. ಬೆನ್ನು ನಡುಗಿಸಬೇಕಾದ ಕಡಿದಾದ ಅಂಚು ದನ ಮೇಯುವ ಇಳಿಜಾರಾಗುತ್ತದೆ.

ಇನ್ನೊಂದು ತಮಾಷೆಯಿದೆ. ಆ ರೇಡಾರ್ ನಮ್ಮ ತಲೆಯ ಮೇಲೆ ಹಾದುಹೋದಾಗ ಎರಡನೆಯ ರನ್‌ವೇ ಇರಲೇ ಇಲ್ಲ! ಆ ದತ್ತಾಂಶ ನೆನಪಿಟ್ಟುಕೊಂಡಿರುವುದು ರನ್‌ವೇ ಬರುವ ಮೊದಲಿನ ಗುಡ್ಡವನ್ನು. ಅದರ ಮೇಲೆ ಇಂದಿನ ರನ್‌ವೇ ಹಾಸಬೇಕಾದರೆ ಆಟ ತಯಾರಿಸುವವರು ನೆಲವನ್ನು ಇನ್ನೊಮ್ಮೆ ತಟ್ಟಬೇಕು. ಹಳೆಯ ಸಿಮ್ಯುಲೇಟರುಗಳು ಎಲ್ಲ ಕಡೆ ಮಾಡುತ್ತಿದ್ದುದೂ ಇದನ್ನೇ: ಒಂದು ನಿಲ್ದಾಣ, ಒಂದೇ ಎತ್ತರ. ಸುತ್ತಲಿನ ನೆಲ ಏರಿಳಿದಲ್ಲಿ ನಿಲ್ದಾಣ ಒಮ್ಮೆ ಹೊಂಡದಲ್ಲಿ, ಒಮ್ಮೆ ಕಟ್ಟೆಯ ಮೇಲೆ. ಜಗತ್ತಿನ ಆಟಗಾರರು ಅದನ್ನು ದೋಷವೆಂದು ಬೈದರು. ಎಲ್ಲ ನಿಲ್ದಾಣಗಳನ್ನೂ ಟೇಬಲ್‌ಟಾಪ್ ಮಾಡುವ ಆ ದೋಷ ಮಂಗಳೂರಿನವರಿಗೆ ಮಾತ್ರ ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ.

ತೋಟಗಳ ಕಥೆ ಬೇರೆ. ಆ ರೇಡಾರಿನ ಅಲೆಯ ಉದ್ದ 5.6 ಸೆಂಟಿಮೀಟರ್. ದಟ್ಟ ಎಲೆಗಳನ್ನು ಅದು ಪೂರ್ತಿ ದಾಟಲಾರದು, ಮರದ ಮೇಲ್ಭಾಗದಲ್ಲೇ ಬಹುಪಾಲು ತಿರುಗಿಬಿಡುತ್ತದೆ. ನೇತ್ರಾವತಿಯ ದಂಡೆಯ ತೆಂಗಿನ ತೋಟ ಅದಕ್ಕೆ ದಿಣ್ಣೆಯಂತೆ ಕಂಡರೆ ತಪ್ಪು ತೋಟದ್ದಲ್ಲ.

ಮನೆಗಳನ್ನಂತೂ ಯಂತ್ರವೇ ಊಹಿಸುತ್ತದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಆಕಾಶದಿಂದ ತೆಗೆದ ಚಿತ್ರಗಳನ್ನು ಓದಿ ಸುಮಾರು 150 ಕೋಟಿ ಕಟ್ಟಡಗಳನ್ನು ಕೃತಕ ಬುದ್ಧಿಮತ್ತೆಯಿಂದ ಎಬ್ಬಿಸಲಾಗಿತ್ತು. ಮೆಲ್ಬೋರ್ನಿನ ಉಪನಗರವೊಂದರಲ್ಲಿ 212 ಮಹಡಿಯ ಗೋಪುರ ಒಂಟಿಯಾಗಿ ನಿಂತದ್ದು ಆಗಲೇ. ಯಾರು ಬೇಕಾದರೂ ತಿದ್ದಬಲ್ಲ ಮುಕ್ತ ನಕ್ಷೆಯಲ್ಲಿ ಯಾರೋ ಮಹಡಿಗಳ ಲೆಕ್ಕ 2 ಎಂದು ಬರೆಯುವಲ್ಲಿ 212 ಎಂದು ಒತ್ತಿದ್ದರು. ಆದರೆ ಜೆಪ್ಪುವಿನ ಹಂಚಿನ ಮಾಡಿನ ಇಳಿಜಾರನ್ನು ನೇರ ಮೇಲಿನಿಂದ ತೆಗೆದ ಚಿತ್ರದಿಂದ ಊಹಿಸುವುದು ಅಷ್ಟು ಸುಲಭವಲ್ಲ. ಹಂಚಿನ ಕೆಂಪು, ಮುರಕಲ್ಲಿನ ಅಂಗಳದ ಕೆಂಪಿನೊಂದಿಗೆ ಬೆರೆತುಹೋಗುತ್ತದೆ.

ಋತುವಿನ ಗೊಂದಲವೂ ಇದೆ. ಮೋಡವಿಲ್ಲದ ಉಪಗ್ರಹ ಚಿತ್ರ ಬೇಕಾದರೆ ಕರಾವಳಿಯಲ್ಲಿ ಡಿಸೆಂಬರಿನಿಂದ ಮಾರ್ಚಿನೊಳಗೆ ತೆಗೆಯಬೇಕು. ಆಗ ನಮ್ಮ ಪದವುಗಳು (ಗುಡ್ಡದ ಮೇಲಿನ ಹುಲ್ಲುಬಯಲುಗಳು) ಒಣಗಿ ಕಂದು. ಆಟದಲ್ಲಿ ಜೂನ್ ತಿಂಗಳನ್ನು ಆರಿಸಿಕೊಂಡರೆ ಮೇಲಿನಿಂದ ಧೋ ಎಂದು ಮಳೆ, ಕೆಳಗೆ ಮಾರ್ಚಿನ ಹುಲ್ಲು. ಮುನ್ನೋಟದ ಚಿತ್ರಗಳಲ್ಲಿ ಸದಾ ಹೊಂಬಿಸಿಲೇ ಇರುವುದು ಏಕೆಂದು ನನಗೆ ಸಣ್ಣ ಗುಮಾನಿ. ಓರೆ ಬೆಳಕಿನಲ್ಲಿ ಎಂಥ ನೆಲವೂ ಚೆಂದ.

ಇಷ್ಟು ಹೇಳುವಷ್ಟರಲ್ಲಿ ಗೆಳೆಯ ಒಂದು ಚಿತ್ರವನ್ನು ಹಿಗ್ಗಿಸಿ ನನ್ನ ಮುಂದೆ ಹಿಡಿದ. ಮುಳುಗುವ ಸೂರ್ಯ, ಪೂರ್ವಕ್ಕೆ ಚಾಚಿದ ಮರದ ನೆರಳು. ಅದೇ ಮರದ ಬುಡದಲ್ಲಿ ಮಸುಕಾಗಿ ಇನ್ನೊಂದು ನೆರಳು, ವಾಯವ್ಯದ ಕಡೆಗೆ. ಇಂಥ ಚಿತ್ರ ತೆಗೆಯುವ ಅನೇಕ ಉಪಗ್ರಹಗಳು ಊರಿನ ಮೇಲೆ ಹಾಯುವುದು ಬೆಳಗಿನ ಹತ್ತೂವರೆಯ ಆಸುಪಾಸಿಗೆ. ಆ ಹೊತ್ತಿನ ನೆರಳು ಫೋಟೊದಲ್ಲೇ ಅಂಟಿಕೊಂಡು ಬಂದಿತ್ತು. "ಒಂದು ಮರಕ್ಕೆ ಎರಡು ಸೂರ್ಯ" ಎಂದು ಅವನು ನಕ್ಕು, ತಣ್ಣಗಾದ ಗೋಳಿಬಜೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.