ಗೇಣಿ ಜಮೀನು ಸಿಕ್ಕವರು, ಸಿಗದವರು

ಉತ್ತರ ಕನ್ನಡದ ಅಂಕೋಲಾ, ಕುಮಟಾ ಕಡೆ ಅರಣ್ಯ ಅತಿಕ್ರಮಣ ಜಮೀನಿನ ಮಾತು ಬಂದರೆ ಸಾಕು, ‘ಅವರಿಗೊಂದು ಕಾನೂನು, ನಮಗೊಂದು’ ಎನ್ನುವ ದೂರು ಕೇಳಿಸುತ್ತದೆ. ಇದು ಬರೀ ಅರಣ್ಯದ ತಕರಾರಲ್ಲ. ಬೇರು ಗೇಣಿ ಕಾಲದಲ್ಲಿದೆ.

ಆಗ ಕರಾವಳಿಯಲ್ಲಿ ಜಾತಿ ಕೇಳಿದರೆ ಜಮೀನಿನ ಲೆಕ್ಕವೂ ಸಿಗುತ್ತಿತ್ತು. ಒಡೆಯರು ಬಹುಪಾಲು ಹವ್ಯಕರು, ಸಾರಸ್ವತರು. ಗೇಣಿ ಒಕ್ಕಲು ನಾಮಧಾರಿಗಳು, ಹಾಲಕ್ಕಿಗಳು. ಅವರಿಗೂ ಕೆಳಗೆ ಕೂಲಿ ಆಳಾಗಿ ಮುಕ್ರಿ, ಆಗೇರರು. ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದರು, 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದರು. ಆಮೇಲೆ 1948ರಲ್ಲಿ ಮುಂಬಯಿ ಸರ್ಕಾರದ ಗೇಣಿ ಕಾಯ್ದೆ, 1961ರಲ್ಲಿ ಮೈಸೂರಿನದ್ದು. ಗದ್ದೆಗೆ ಇಳಿದದ್ದು ಕಮ್ಮಿ.

ನಿಜವಾಗಿ ಊರು ಅಲುಗಾಡಿದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುವವನು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 7 ಎಂಬ ಅರ್ಜಿ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಕೊನೆಯ ದಿನ ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ತೊಡಕಿದ್ದದ್ದು ಕಾಗದದಲ್ಲಿ. ಚಾಲಗೇಣಿ, ಅಂದರೆ ಕಾಯಂ ಅಲ್ಲದ ಗೇಣಿ, ಬರೀ ಬಾಯಿಮಾತು. ಸುಗ್ಗಿ ಮುಗಿದ ಮೇಲೆ ಒಡೆಯರ ಅಂಗಳಕ್ಕೆ ಭತ್ತ ಹೊತ್ತು ಹಾಕಿ ಬರುವುದು, ರಸೀದಿ ಕೇಳುವ ಧೈರ್ಯ ಯಾರಿಗಿತ್ತು? ಪಹಣಿಯಲ್ಲಿ ಹೆಸರಿದ್ದವನು ಗೆದ್ದ. ಇಲ್ಲದವನು ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ನಂಬಿಕೊಂಡ. ಆ ಸಾಕ್ಷಿಯೂ ಅದೇ ಒಡೆಯರ ಒಕ್ಕಲು, ಅಲ್ವಾ? ಇಷ್ಟಾದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದ ಎಷ್ಟೋ ಮನೆಗಳಿಗೆ ಭೂಮಿ ಬಂತು, ಮಕ್ಕಳು ಶಾಲೆಗೆ ಹೋದರು. ಗೇಣಿಯನ್ನೇ ನಂಬಿ ಬದುಕುತ್ತಿದ್ದ ಕೆಲವು ಬಡ ಒಡೆಯರು ಬರಿಗೈ ಆದದ್ದೂ ಹೌದು.

ಆದರೆ ಕೂಲಿ ಆಳು ಗೇಣಿದಾರನಲ್ಲ. ಅವನಿಗೆ ತುಂಬಲು ಫಾರಂ ಇರಲಿಲ್ಲ. ಗೇಣಿ ಕೇಸಿನಲ್ಲಿ ಸೋತವರ ಜೊತೆ ಅವನೂ ಬೆಟ್ಟದ ಅಂಚಿನ ಅರಣ್ಯ ಜಮೀನಿನಲ್ಲಿ ಗದ್ದೆ ಮಾಡಿಕೊಂಡ.

ಕಾಡಿನ ಜಮೀನು ಉಳುವವರಿಗೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದು ಇಂಥವರ ನಡುವೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದಾರೆ. ತಮ್ಮನ್ನೂ ಸೇರಿಸಿ ಎನ್ನುವ ಹಾಲಕ್ಕಿಗಳ ಬೇಡಿಕೆ ಹಾಗೇ ಉಳಿದಿದೆ. ಕಾಡು ಅದೇ, ಬೇಲಿ ಅದೇ, ಲೆಕ್ಕ ಮಾತ್ರ ಬೇರೆ. ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು ನಿಯಮವೇ ಹೇಳುತ್ತದೆ. ಆದರೂ ಅರ್ಜಿ ಬಿದ್ದುಹೋದವರನ್ನು ಕೇಳಿ ನೋಡಿ: 75 ವರ್ಷದ ಕಾಗದ ಕೇಳಿದರು ಎನ್ನುತ್ತಾರೆ.